ಭಗವಜ್ಜಿನಸೇನಾಚಾರ್ಯರು

ಕನ್ನಡ ನಾಡಿನಲ್ಲಿ ಬಾಳಿ ಶ್ರುತಸೇವೆಗೈದ ಮಹಾಮುನಿಗಳಲ್ಲಿ ಭಗವಜ್ಜಿನಸೇನಾಚಾರ್ಯರು ಪ್ರಾತಃಸ್ಮರಣೀಯರು. ಪಂಚಸ್ತೂಪಾನ್ವಯಕ್ಕೆ ಸೇರಿದ ಇವರು ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನಿಂದ ಪೂಜೆಗೊಂಡವರು. 783ರಲ್ಲಿ ಹರಿವಂಶಪುರಾಣವನ್ನು ರಚಿಸಿದ ಪುನ್ನಾಟ ಸಂಘದ ಜಿನಸೇನರು ಬೇರೆ, ಇವರು ಬೇರೆ. ಒಬ್ಬರು ಬರೆದುದನ್ನು ಮತ್ತೊಬ್ಬರು ಮುಂದುವರಿಸಬಹುದೇ, ಮುಗಿದ ಕಥೆಗೆ ಬೇರೆಯವರು ಉತ್ತರಭಾಗವನ್ನು ಜೋಡಿಸಬಹುದೇ ಎಂಬ ಪ್ರಶ್ನೆ ವಿದ್ವಾಂಸರಲ್ಲಿಯೂ ಓದುಗರಲ್ಲಿಯೂ ಆಗಾಗ ಏಳುವುದುಂಟು. ಈ ಆಚಾರ್ಯರ ಜೀವನವೇ ಅದಕ್ಕೆ ಸಮರ್ಪಕವಾದ ಉತ್ತರವಾಗಿದೆ.

ಕಿವಿ ಚುಚ್ಚುವ ಸಂಸ್ಕಾರವೂ ಆಗದಿದ್ದ ಎಳೆಯ ವಯಸ್ಸಿನಲ್ಲಿಯೇ ಜಿನಸೇನರು ವೀರಸೇನಾಚಾರ್ಯರ ಸನ್ನಿಧಿಯನ್ನು ಸೇರಿದರು. ಶರೀರದಿಂದ ಕೃಶರು, ರೂಪದಿಂದ ಸಾಮಾನ್ಯರು. ಆದರೆ ಆಬಾಲ ಬ್ರಹ್ಮಚರ್ಯ, ಗುರುಭಕ್ತಿ ಮತ್ತು ಅವಿರತ ಅಧ್ಯಯನಗಳಿಂದ ಸರಸ್ವತಿಯನ್ನು ಒಲಿಸಿಕೊಂಡರು. ಷಟ್ಖಂಡಾಗಮಕ್ಕೆ ಧವಲಾ ಟೀಕೆಯನ್ನು ರಚಿಸಿದ ಬಳಿಕ ವೀರಸೇನರು ಗುಣಧರಾಚಾರ್ಯರ ಕಷಾಯಪಾಹುಡಕ್ಕೆ ಜಯಧವಲಾ ಟೀಕೆಯನ್ನು ಆರಂಭಿಸಿ, 20,000 ಶ್ಲೋಕ ಪ್ರಮಾಣದಷ್ಟನ್ನು ಬರೆದು ಸ್ವರ್ಗಸ್ಥರಾದರು. ಮೂಲ ಗ್ರಂಥದ ಬಹುಭಾಗವು ವಿವರಣೆಯಿಲ್ಲದೆ ಉಳಿಯಿತು. ಆಗ ಶಿಷ್ಯರು ಮತ್ತೆ 40,000 ಶ್ಲೋಕ ಪ್ರಮಾಣದಷ್ಟನ್ನು ರಚಿಸಿ, ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಅದನ್ನು ಪೂರ್ಣಗೊಳಿಸಿದರು. ಗುರುಗಳಿಗಿಂತ ಇಮ್ಮಡಿ ಬರೆದರೂ ಗ್ರಂಥವನ್ನು ತಮ್ಮದೆನ್ನಲಿಲ್ಲ. ಗುರುಗಳ ಹಾದಿಯನ್ನೂ ಬಿಡಲಿಲ್ಲ. ತಂದೆಯ ಲೆಕ್ಕದ ಪುಸ್ತಕವನ್ನು ಮುಂದುವರಿಸುವ ಮಗನು ಹಿಂದಿನ ಪುಟಗಳನ್ನು ತಿದ್ದದೆ, ಬಾಕಿಯನ್ನು ಮಾತ್ರ ಹೊತ್ತು ನಡೆಯುವಂತಹ ಕಾರ್ಯವಿದು. ಈ ಸಿದ್ಧಾಂತ ಗ್ರಂಥಗಳ ಹಳಗನ್ನಡ ಲಿಪಿಯ ತಾಡಪತ್ರಗಳನ್ನು ಮೂಡುಬಿದಿರೆಯು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿತು.

ಕಾಳಿದಾಸನ ಮೇಘದೂತದ ವಿಷಯದಲ್ಲಿ ಆಚಾರ್ಯರು ಹಿಡಿದ ಮಾರ್ಗವೇ ಬೇರೆ. ಅದು ಮುಗಿದ ಕಾವ್ಯ. ಪೂರ್ಣಗೊಳಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ಆದುದರಿಂದ ಅವರು ಯಕ್ಷನ ಕಥೆಯನ್ನು ಮುಂದಕ್ಕೆ ಎಳೆಯಲಿಲ್ಲ. ಆ ಕಾವ್ಯದ ಪ್ರತಿಯೊಂದು ಪಾದವನ್ನೂ ಇದ್ದಂತೆಯೇ ತೆಗೆದುಕೊಂಡು, ಉಳಿದ ಪಾದಗಳನ್ನು ತಾವು ರಚಿಸಿ, 364 ಪದ್ಯಗಳ ಪಾರ್ಶ್ವಾಭ್ಯುದಯವನ್ನು ನಿರ್ಮಿಸಿದರು. ವಿರಹದ ನುಡಿಗಳೇ ಅಲ್ಲಿ ಧ್ಯಾನಸ್ಥರಾದ ಪಾರ್ಶ್ವಪ್ರಭುಗಳಿಗೆ ಶಂಬರನು ಒಡ್ಡಿದ ಉಪಸರ್ಗದ ಕಥೆಗೆ ಒದಗಿಬಂದವು. ಶೃಂಗಾರವು ಶಾಂತರಸದಲ್ಲಿ ಲೀನವಾಯಿತು. ಮೂಲಕ್ಕೆ ಇದರಿಂದ ಹಾನಿಯಾಗಲಿಲ್ಲ, ಉಪಕಾರವೇ ಆಯಿತು. ಮೇಘದೂತದ ಪ್ರಾಚೀನ ಪಾಠವನ್ನು ನಿರ್ಣಯಿಸಲು ಆಧುನಿಕ ವಿದ್ವಾಂಸರು ಪಾರ್ಶ್ವಾಭ್ಯುದಯವನ್ನೇ ಆಶ್ರಯಿಸಿದ್ದಾರೆ.

ಕೊನೆಗೆ ಆಚಾರ್ಯರು ತ್ರಿಷಷ್ಟಿ ಶಲಾಕಾಪುರುಷರ ಚರಿತ್ರೆಯಾದ ಮಹಾಪುರಾಣಕ್ಕೆ ಕೈಹಚ್ಚಿದರು. ಆದಿತೀರ್ಥಂಕರರ ಕಥೆಯ 42 ಪರ್ವಗಳು ಮುಗಿದು, 43ನೆಯ ಪರ್ವದ ಮೂರು ಪದ್ಯಗಳಾಗುವಷ್ಟರಲ್ಲಿ ಅವರ ಆಯುಷ್ಯವೇ ತೀರಿತು. ಅರುವತ್ತಮೂವರ ಚರಿತ್ರೆಯನ್ನು ಹೇಳುವ ಸಂಕಲ್ಪವಿದ್ದ ಗ್ರಂಥವು ಪ್ರಥಮ ತೀರ್ಥಂಕರರ ಕಾಲದಲ್ಲಿಯೇ ನಿಂತುಹೋಯಿತು. ಗುರುಗಳಿಗಾಗಿ ಜಿನಸೇನರು ಮಾಡಿದುದನ್ನು ಈಗ ಜಿನಸೇನರಿಗಾಗಿ ಅವರ ಶಿಷ್ಯ ಗುಣಭದ್ರಾಚಾರ್ಯರು ಮಾಡಬೇಕಾಯಿತು. ಕಬ್ಬಿನ ಬುಡದ ಸವಿ ತುದಿಯಲ್ಲಿ ಇರಲಾರದೆಂಬ ಅಳುಕು ಅವರಿಗಿತ್ತು. ಆದರೂ ಆದಿಪುರಾಣವನ್ನು 47 ಪರ್ವಗಳಿಗೆ ಮುಗಿಸಿ, ಉಳಿದ ಇಪ್ಪತ್ತಮೂರು ತೀರ್ಥಂಕರರ ಚರಿತ್ರೆಯನ್ನು ಉತ್ತರಪುರಾಣವಾಗಿ ರಚಿಸಿದರು. ಗುರುಗಳ ವಿಸ್ತಾರವನ್ನು ಅನುಕರಿಸಲು ಹೊರಡದೆ ಸಂಕ್ಷೇಪವನ್ನೇ ಆರಿಸಿಕೊಂಡುದು ಅವರ ವಿನಯಕ್ಕೆ ಸಾಕ್ಷಿ. ಗುಣಭದ್ರರ ಶಿಷ್ಯ ಲೋಕಸೇನರು ಗ್ರಂಥಕ್ಕೆ ಸೇರಿಸಿದ ಪ್ರಶಸ್ತಿಯಲ್ಲಿ ಬಂಕಾಪುರದ ಉಲ್ಲೇಖವೂ ಶಕ 820ರ ಕಾಲನಿರ್ದೇಶವೂ ಇವೆ.

ಈ ಪೂರ್ಣತೆಯ ಫಲ ಕನ್ನಡಕ್ಕೂ ದೊರೆಯಿತು. ಪೂರ್ವಭಾಗವನ್ನು ಆಧರಿಸಿ ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿದನು. ಇಡೀ ಮಹಾಪುರಾಣದ ಬೆಳಕಿನಲ್ಲಿ ಚಾವುಂಡರಾಯನು 978ರಲ್ಲಿ ಗದ್ಯಪುರಾಣವನ್ನು ಬರೆದನು. ರನ್ನನು 993ರಲ್ಲಿ ಅಜಿತನಾಥರ ಚರಿತ್ರೆಯನ್ನೂ, ಜನ್ನನು 1230ರಲ್ಲಿ ಅನಂತನಾಥರ ಚರಿತ್ರೆಯನ್ನೂ ಹಾಡಿದರು. ಗುಣಭದ್ರರು ಅಳುಕಿ ಹಿಂಜರಿದಿದ್ದರೆ ಈ ಕವಿಗಳಿಗೆ ನಡೆಯಲು ಇಂತಹ ರಾಜಮಾರ್ಗ ದೊರೆಯುತ್ತಿತ್ತೇ?

ಆದುದರಿಂದ ಅಪೂರ್ಣವಾದುದನ್ನು ಮೂಲಕರ್ತೃವಿನ ಸಂಕಲ್ಪದಂತೆ ಪೂರ್ಣಗೊಳಿಸುವುದು ಧರ್ಮ. ಪೂರ್ಣವಾದುದಕ್ಕೆ ಬರಿಯ ಕೀರ್ತಿಗಾಗಿಯೋ ಲಾಭಕ್ಕಾಗಿಯೋ ಬಾಲವನ್ನು ಕಟ್ಟುವುದು ತರವಲ್ಲ. ಅದರಿಂದ ಪ್ರೇರಣೆ ಪಡೆದವನು ಅದನ್ನು ಕೆಡಿಸದೆ ಬೇರೊಂದು ಕೃತಿಯನ್ನು ಕಟ್ಟಲಿ. ಶನಿವಾರಸಂತೆಯ ಸಮೀಪದ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ, ಹನ್ನೊಂದನೆಯ ಶತಮಾನದ ಬಸದಿಗಳಿವೆ. ಅಂತಹ ಪುರಾತನ ಬಸದಿಯನ್ನು ಜೀರ್ಣೋದ್ಧಾರ ಮಾಡುವ ಶ್ರಾವಕನು ಹಳೆಯ ಶಾಸನವನ್ನು ಅಳಿಸಿ ತನ್ನ ಹೆಸರನ್ನು ಕೆತ್ತಿಸುವುದಿಲ್ಲ. ಬಿದ್ದ ಕಲ್ಲನ್ನು ಅದರ ಸ್ಥಾನದಲ್ಲಿ ನಿಲ್ಲಿಸುತ್ತಾನೆ. ಗುರುವಿನ ಗ್ರಂಥವನ್ನು ಮುಗಿಸಿದವರೂ, ಶಿಷ್ಯನಿಂದ ಗ್ರಂಥವನ್ನು ಮುಗಿಸಿಕೊಂಡವರೂ ಆದ ಭಗವಜ್ಜಿನಸೇನಾಚಾರ್ಯರ ಈ ಆದರ್ಶವು ಪ್ರತಿಷ್ಠಾ ಮಹೋತ್ಸವದಲ್ಲಿ ಸೇರುವ ಸಕಲ ಶ್ರಾವಕ ಶ್ರಾವಿಕೆಯರಿಗೂ ದಾರಿದೀಪವಾಗಲಿ.

ಭದ್ರಂ ಭೂಯಾತ್.