ಬಾರ್ನಿ ಕ್ಲಾರ್ಕ್ ಎರಡು ಸಲ ಹಾಕಿದ ಸಹಿ

ಎರಡು ವರ್ಷದ ಹಿಂದೆ ಅಪ್ಪನಿಗೆ ಹೃದಯದ ಆಪರೇಷನ್ ಆಯ್ತು. ಥಿಯೇಟರ್ ಒಳಗೆ ಕರೆದುಕೊಂಡು ಹೋಗುವ ಸ್ವಲ್ಪ ಮೊದಲು ನನ್ನ ಕೈಗೊಂದು ಫಾರಂ ಕೊಟ್ಟರು. ನಾಲ್ಕೈದು ಪುಟ, ಪೂರ್ತಿ ಇಂಗ್ಲಿಷ್. ಎಲ್ಲೆಲ್ಲಿ ಸಹಿ ಮಾಡಬೇಕು ಅಂತ ಬೆರಳಿಟ್ಟು ತೋರಿಸಿದರು, ಮಾಡಿದೆ. ಏನು ಬರೆದಿದೆ ಅಂತ ಓದಲಿಲ್ಲ. ಓದಿದ್ರೂ ಏನು ಮಾಡ್ತಿದ್ದೆ? ಸಹಿ ಹಾಕಲ್ಲ ಅನ್ನೋಕಾಗ್ತಿತ್ತಾ? ಅಪ್ಪ ಈಗ ಚೆನ್ನಾಗಿದ್ದಾರೆ. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಓದುತ್ತಾ ಹೋದಾಗ ಸಿಕ್ಕವರು ಡಾ. ಬಾರ್ನಿ ಕ್ಲಾರ್ಕ್.

1982ರ ಡಿಸೆಂಬರಿನಲ್ಲಿ ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿದ್ದ ಹೆಸರು ಅದು. ತನ್ನ ಹೃದಯವನ್ನು ತೆಗೆಸಿ, ಕೊನೆಯವರೆಗೂ ಇರಲಿ ಎಂದೇ ತಯಾರಿಸಿದ ಕೃತಕ ಹೃದಯವನ್ನು ಹಾಕಿಸಿಕೊಂಡ ಮೊದಲ ಮನುಷ್ಯ. ಆಮೇಲೆ 112 ದಿನ ಬದುಕಿದರು. ಅವರ ಬಗ್ಗೆ ಬರೆದವರೆಲ್ಲ ಅವರ ಧೈರ್ಯವನ್ನು ಹೊಗಳುತ್ತಾರೆ. ಅದರಲ್ಲಿ ನನಗೆ ತಕರಾರಿಲ್ಲ. ನಾನು ಕೇಳಬೇಕಿರುವುದು ಬೇರೆ. ಅವರ ಮುಂದೆ ನಿಜವಾಗಿ ಎಷ್ಟು ದಾರಿಗಳಿದ್ದವು? ಉಳಿದ ದಾರಿಗಳನ್ನು ಮುಚ್ಚಿದ್ದು ಯಾರು?

ಹಲ್ಲಿನ ಡಾಕ್ಟರು

ಕ್ಲಾರ್ಕ್ ಹುಟ್ಟಿದ್ದು 1921ರ ಜನವರಿ 21ರಂದು, ಅಮೆರಿಕದ ಯೂಟಾ ರಾಜ್ಯದ ಪ್ರೊವೊ ಎಂಬ ಊರಲ್ಲಿ. ಮಾರ್ಮನ್ ಪಂಥದವರು. ಎರಡನೇ ಮಹಾಯುದ್ಧದಲ್ಲಿ ಸೇನೆಯ ವಾಯುದಳದಲ್ಲಿದ್ದರು. ಊನಾ ಲಾಯ್ ಅವರನ್ನು ಮದುವೆಯಾದರು, ಮೂವರು ಮಕ್ಕಳಾದರು. ಯುದ್ಧ ಮುಗಿದ ಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ದಂತವೈದ್ಯಕೀಯ ಓದಿ, ಸಿಯಾಟಲ್ ನಗರದ ಹತ್ತಿರ ಕ್ಲಿನಿಕ್ ನಡೆಸಿದರು. ಸ್ವಂತ ದುಡಿಮೆಯಿಂದ ಮೇಲೆ ಬಂದ ಮಧ್ಯಮ ವರ್ಗದ ಮನುಷ್ಯ. ಗಾಲ್ಫ್ ಅಂದ್ರೆ ಇಷ್ಟ. ಸಿಗರೇಟು ಮಾತ್ರ ವರ್ಷಗಟ್ಟಲೆ ಸೇದಿದ್ದರು. ಅದರ ಲೆಕ್ಕ ಶ್ವಾಸಕೋಶದಲ್ಲಿ ಉಳಿದುಕೊಂಡಿತ್ತು.

ನಿವೃತ್ತಿಯ ಹೊತ್ತಿಗೆ ಹೃದಯದ ಸ್ನಾಯುಗಳೇ ಸೋಲತೊಡಗಿದವು. ಕಾರ್ಡಿಯೋಮಯೋಪತಿ ಅನ್ನುತ್ತಾರೆ. ರಕ್ತನಾಳದಲ್ಲಿ ಅಡಚಣೆಯಿದ್ದರೆ ಬೈಪಾಸ್ ಮಾಡಬಹುದು, ಕವಾಟ ಹಾಳಾಗಿದ್ದರೆ ಬದಲಾಯಿಸಬಹುದು. ರಕ್ತ ತಳ್ಳುವ ಸ್ನಾಯುವೇ ಸಡಿಲವಾದರೆ ರಿಪೇರಿ ಮಾಡಲು ಏನೂ ಉಳಿಯುವುದಿಲ್ಲ. ಕಾಲು, ಹೊಟ್ಟೆ, ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಬಚ್ಚಲುಮನೆವರೆಗೆ ನಡೆದರೂ ಏದುಸಿರು. ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯೊಂದರಲ್ಲಿ ಆಗಿನ್ನೂ ಪ್ರಯೋಗದ ಹಂತದಲ್ಲಿದ್ದ ಆಮ್ರಿನೋನ್ ಎಂಬ ಔಷಧವನ್ನೂ ಕೊಟ್ಟು ನೋಡಿದರು. ಕೈಹಿಡಿಯಲಿಲ್ಲ.

ಐವತ್ತರ ಗೆರೆ

ಹಾಗಿದ್ರೆ ಹೃದಯ ಕಸಿ ಯಾಕೆ ಮಾಡಲಿಲ್ಲ? ಎಲ್ಲರಿಗೂ ಮೊದಲು ಬರುವ ಪ್ರಶ್ನೆ ಇದೇ. ಉತ್ತರ ಒಂದೇ ಸಾಲಿನದು: ಅವರಿಗೆ 61 ವರ್ಷ ಆಗಿತ್ತು.

ಇದಕ್ಕೆ ಸ್ವಲ್ಪ ಹಿಂದಿನ ಕತೆ ಬೇಕು. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದರು. ಹೃದಯ ಪಡೆದ ಲೂಯಿ ವಾಶ್ಕಾನ್ಸ್ಕಿ 18 ದಿನಕ್ಕೆ ನ್ಯುಮೋನಿಯಾದಿಂದ ಸತ್ತರು. ಮರುವರ್ಷ ಜಗತ್ತಿನಾದ್ಯಂತ ಸರ್ಜನ್‌ಗಳು ಪೈಪೋಟಿಗೆ ಬಿದ್ದವರಂತೆ ನೂರಕ್ಕೂ ಹೆಚ್ಚು ಕಸಿ ಮಾಡಿದರು. 1968ರ ಫೆಬ್ರವರಿಯಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಕೂಡ ಮಾಡಿದರು. ರೋಗಿಗಳಲ್ಲಿ ಹೆಚ್ಚಿನವರು ಬೇಗನೆ ತೀರಿಕೊಂಡರು. ಹೊಸ ಹೃದಯವನ್ನು ದೇಹ ಪರಕೀಯ ಎಂದು ತಿರಸ್ಕರಿಸುತ್ತಿತ್ತು. ಅದನ್ನು ತಡೆಯಲು ಕೊಡುವ ಔಷಧ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸಿ, ಸಣ್ಣ ಸೋಂಕೂ ಪ್ರಾಣ ತೆಗೆಯುವ ಹಾಗೆ ಮಾಡುತ್ತಿತ್ತು. ಬಹುತೇಕ ಆಸ್ಪತ್ರೆಗಳು ಕಸಿಯನ್ನೇ ನಿಲ್ಲಿಸಿಬಿಟ್ಟವು. ಸ್ಟ್ಯಾನ್‌ಫರ್ಡ್‌ನಲ್ಲಿ ನಾರ್ಮನ್ ಶಮ್ವೇ ಅವರಂಥ ಕೆಲವರಷ್ಟೇ ಪಟ್ಟು ಬಿಡದೆ ಮುಂದುವರಿಸಿದರು.

ದಾನವಾಗಿ ಸಿಗುವ ಹೃದಯ ಕಡಿಮೆ, ಬೇಕಾದವರು ಹೆಚ್ಚು. ಹಾಗಾಗಿ ಯಾರು ಹೆಚ್ಚು ದಿನ ಬದುಕಬಹುದೋ ಅವರಿಗೆ ಕೊಡೋಣ ಎಂಬ ನಿಯಮ ಬಂತು. 50 ದಾಟಿದವರು ಸಾಮಾನ್ಯವಾಗಿ ಪಟ್ಟಿಗೇ ಸೇರುತ್ತಿರಲಿಲ್ಲ. ನಿಯಮ ಮಾಡಿದವರು ಕ್ರೂರಿಗಳೇನಲ್ಲ, ಕೊರತೆಯನ್ನು ನಿಭಾಯಿಸುತ್ತಿದ್ದರು. ಆದರೆ ಕ್ಲಾರ್ಕ್ ಮುಂದಿದ್ದ ಆಯ್ಕೆಗಳಲ್ಲಿ ಒಂದನ್ನು ಅವರು ಬಾಯಿ ಬಿಡುವ ಮೊದಲೇ ಬೇರೆಯವರು ಅಳಿಸಿಬಿಟ್ಟಿದ್ದರು ಅನ್ನೋದು ನಿಜ. ಉಳಿದದ್ದು ಎರಡೇ: ಸಾವಿಗೆ ಕಾಯುವುದು, ಇಲ್ಲವೇ ಅಲ್ಲಿವರೆಗೆ ಯಾರಿಗೂ ಮಾಡದ ಆಪರೇಷನ್.

ಕರುಗಳನ್ನು ನೋಡಲು ಹೋದವರು

ಯೂಟಾ ವಿಶ್ವವಿದ್ಯಾಲಯದಲ್ಲಿ ವಿಲೆಮ್ ಕೋಲ್ಫ್ ಎಂಬ ಡಚ್ ವೈದ್ಯರಿದ್ದರು. ನಾಜಿಗಳು ಆಕ್ರಮಿಸಿಕೊಂಡಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ, ಯುದ್ಧದ ಮಧ್ಯೆಯೇ ಡಯಾಲಿಸಿಸ್ ಯಂತ್ರ ಕಟ್ಟಿದವರು ಇವರೇ. ಅಮೆರಿಕಕ್ಕೆ ಬಂದ ಮೇಲೆ ಅವರು ಕೃತಕ ಹೃದಯದ ಬೆನ್ನು ಹತ್ತಿದರು. ಅವರ ಪ್ರಯೋಗಾಲಯದಲ್ಲಿ ರೂಪುಗೊಂಡ ಒಂದು ಮಾದರಿಗೆ ವಿನ್ಯಾಸಕ ರಾಬರ್ಟ್ ಜಾರ್ವಿಕ್ ಅವರ ಹೆಸರಿಂದ ಜಾರ್ವಿಕ್-7 ಎಂದು ಕರೆದರು. ಅದನ್ನು ಕರು ಮತ್ತು ಕುರಿಗಳಿಗೆ ಹಾಕಿ ನೋಡಿದ್ದರು. ಮನುಷ್ಯರಿಗೆ ಹಾಕಲು ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಇದ್ದದ್ದು ವಿಲಿಯಂ ಡಿವ್ರೀಸ್ ಎಂಬ ಒಬ್ಬ ಸರ್ಜನ್‌ಗೆ ಮಾತ್ರ.

ಹಾಗೆ ನೋಡಿದರೆ ಕೃತಕ ಹೃದಯ ಅದಕ್ಕೂ ಮೊದಲೇ ಮನುಷ್ಯನ ಎದೆಗೆ ಹೋಗಿತ್ತು. 1969ರ ಏಪ್ರಿಲಿನಲ್ಲಿ ಹ್ಯೂಸ್ಟನ್‌ನಲ್ಲಿ ಡೆಂಟನ್ ಕೂಲಿ, 47 ವರ್ಷದ ಹ್ಯಾಸ್ಕೆಲ್ ಕಾರ್ಪ್ ಎಂಬವರಿಗೆ ಅದನ್ನು ಹಾಕಿದ್ದರು. ಅದು ದಾನಿಯ ಹೃದಯ ಸಿಗುವವರೆಗಿನ ತಾತ್ಕಾಲಿಕ ವ್ಯವಸ್ಥೆ. 64 ಗಂಟೆ ನಡೆಯಿತು. ನಂತರ ದಾನಿಯ ಹೃದಯ ಕಸಿ ಮಾಡಿದರು, ಅದಾಗಿ 32 ಗಂಟೆಗೆ ಕಾರ್ಪ್ ತೀರಿಕೊಂಡರು. ಗಂಡನಿಂದ ಪಡೆದ ಒಪ್ಪಿಗೆ ಸರಿಯಾದ ತಿಳಿವಳಿಕೆ ಕೊಟ್ಟು ಪಡೆದದ್ದಲ್ಲ ಎಂದು ಅವರ ಪತ್ನಿ ಕೋರ್ಟಿಗೆ ಹೋದರು. ಸೋತರು. ಆದರೂ ಆ ಕೇಸು ಎಬ್ಬಿಸಿದ ಪ್ರಶ್ನೆ ಸಾಯಲಿಲ್ಲ: ಸಾವಿನ ಬಾಗಿಲಲ್ಲಿ ನಿಂತವರು ಕೊಡುವ ಒಪ್ಪಿಗೆಗೆ ಎಷ್ಟು ಬೆಲೆ?

ಕ್ಲಾರ್ಕ್ ಪ್ರಯೋಗಾಲಯಕ್ಕೇ ಹೋಗಿ ಕೃತಕ ಹೃದಯದ ಮೇಲೆ ಬದುಕಿದ್ದ ಪ್ರಾಣಿಗಳನ್ನು ನೋಡಿ ಬಂದರು. ಆ ಪ್ರಾಣಿಗಳ ಮೈಯಿಂದ ಹೊರಟ ಕೊಳವೆಗಳು ಯಂತ್ರಕ್ಕೆ ಹೋಗುತ್ತಿದ್ದವು. ತಾನು ಹೇಗೆ ಬದುಕಬೇಕಾಗುತ್ತೆ ಅಂತ ಕಣ್ಣಾರೆ ನೋಡಿದರು. ತಕ್ಷಣ ಹೂಂ ಅನ್ನಲಿಲ್ಲ. ಮನೆಗೆ ಹೋದರು. ನವೆಂಬರ್ ಕೊನೆಗೆ ಇನ್ನು ಕೆಲವೇ ದಿನ ಅನ್ನುವಂತಾದಾಗ ವಾಪಸ್ ಬಂದರು.

11 ಪುಟದ ಒಪ್ಪಿಗೆ

ಅವರಿಗೆ ಕೊಟ್ಟ ಒಪ್ಪಿಗೆ ಪತ್ರ 11 ಪುಟಗಳದ್ದು. ಅದಕ್ಕೆ ಒಂದು ಸಲ ಸಹಿ ಹಾಕಿದರೆ ಸಾಲದು, ಒಂದು ದಿನ ಯೋಚಿಸಲು ಬಿಟ್ಟು ಮತ್ತೆ ಸಹಿ ಪಡೆಯಬೇಕು ಎಂಬ ನಿಯಮವಿತ್ತು. ಕ್ಲಾರ್ಕ್ ಎರಡೂ ಸಲ ಸಹಿ ಹಾಕಿದರು. ಇದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು ಅಂತಲೇ ಹೇಳಬೇಕು. ನಮಗೆ ಅರ್ಧ ಗಂಟೆಯೂ ಸಿಕ್ಕಿರಲಿಲ್ಲ.

ಆದರೆ ಆ 11 ಪುಟಗಳಲ್ಲಿ ಇಲ್ಲದ ವಿಷಯಗಳ ಬಗ್ಗೆ ಆಮೇಲೆ ನೀತಿಶಾಸ್ತ್ರಜ್ಞರು ದೊಡ್ಡ ಚರ್ಚೆ ಮಾಡಿದರು. ರೋಗಿಗೆ ಬುದ್ಧಿ ಸ್ವಾಧೀನ ತಪ್ಪಿದರೆ ಅವರ ಪರವಾಗಿ ತೀರ್ಮಾನಿಸುವವರು ಯಾರು? ಯಂತ್ರ ನಡೆಯುತ್ತಲೇ ಇದ್ದು ಮನುಷ್ಯ ಅರ್ಧ ಹೋಗಿಬಿಟ್ಟರೆ ಅದನ್ನು ಯಾವಾಗ ನಿಲ್ಲಿಸಬೇಕು? ಇದಕ್ಕೆ ಅದರಲ್ಲಿ ಸರಿಯಾದ ಉತ್ತರವಿರಲಿಲ್ಲ. ಇನ್ನು ಬೇಡ ಅನ್ನಿಸಿದ ದಿನ ರೋಗಿಯೇ ಯಂತ್ರವನ್ನು ನಿಲ್ಲಿಸಲು ಒಂದು ಕೀಲಿ ಇರುತ್ತದೆ ಎಂದು ಕೋಲ್ಫ್ ಹೇಳಿದ್ದರು. ಕೇಳೋಕೆ ಚೆನ್ನಾಗಿದೆ. ಆದರೆ ಮಗ್ಗುಲು ಬದಲಿಸಲೂ ಆಗದೆ, ಮಂಪರಿನಲ್ಲಿ ಮಲಗಿದ ಮನುಷ್ಯನ ಕೈಗೆ ಕೀಲಿ ಕೊಟ್ಟರೆ ಅದು ಹಕ್ಕು ಆಗುತ್ತಾ?

112 ದಿನ

ಡಿಸೆಂಬರ್ 1ರ ರಾತ್ರಿ ಅವರ ಹೃದಯ ಬಡಿತ ಏರುಪೇರಾಯಿತು. ನಿಗದಿ ಮಾಡಿದ್ದ ಸಮಯಕ್ಕೆ ಕಾಯದೆ ಆಗಲೇ ಥಿಯೇಟರಿಗೆ ಕರೆದೊಯ್ದರು. 2ರ ಬೆಳಗಿನ ಹೊತ್ತಿಗೆ ಅವರ ಎದೆಯಲ್ಲಿ ಜಾರ್ವಿಕ್-7 ಬಡಿಯುತ್ತಿತ್ತು. ಅದನ್ನು ನಡೆಸಲು ಹೊಟ್ಟೆಯ ಬಳಿಯಿಂದ ಎರಡು ಕೊಳವೆಗಳು ಹೊರಬಂದು, ಸುಮಾರು 170 ಕೆ.ಜಿ. ತೂಕದ ಗಾಳಿ ಯಂತ್ರಕ್ಕೆ ಸೇರುತ್ತಿದ್ದವು. ಕೊಳವೆ ಎಷ್ಟು ಉದ್ದವೋ ಅಷ್ಟೇ ಅವರ ಜಗತ್ತು.

ಎರಡೇ ದಿನಕ್ಕೆ ಶ್ವಾಸಕೋಶದಿಂದ ಗಾಳಿ ಸೋರಿ ಚರ್ಮದಡಿ ಸೇರಿತು, ಮತ್ತೆ ಆಪರೇಷನ್. ವಾರದೊಳಗೆ ಫಿಟ್ಸ್. ಡಿಸೆಂಬರ್ ಮಧ್ಯದಲ್ಲಿ ಕೃತಕ ಹೃದಯದ ಕವಾಟವೊಂದು ಮುರಿಯಿತು, ಎದೆ ತೆರೆದು ಆ ಭಾಗವನ್ನು ಬದಲಾಯಿಸಿದರು. ಆಮೇಲೆ ನಿಲ್ಲದ ಮೂಗಿನ ರಕ್ತಸ್ರಾವ. ಎಷ್ಟೋ ದಿನ ಎಲ್ಲಿದ್ದೇನೆ ಅನ್ನುವುದೇ ಗೊತ್ತಾಗದ ಗೊಂದಲ. ಸಾಯಲು ಬಿಡಿ ಎಂದು ಕೇಳಿದ ದಿನಗಳೂ ಇದ್ದವು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಪತ್ರಕರ್ತರ ಜಾತ್ರೆ, ಅವರಿಗೆ ಪ್ರತಿದಿನ ವರದಿ. ಹಾಸಿಗೆ ಪಕ್ಕದಲ್ಲಿ ಮಾತ್ರ ಊನಾ ಲಾಯ್.

ಮಾರ್ಚ್ ಮೊದಲ ವಾರದಲ್ಲಿ ಡಿವ್ರೀಸ್ ಜೊತೆ ಅವರು ಮಾತಾಡಿದ ವಿಡಿಯೊ ಹೊರಬಂತು. ಕಷ್ಟ ಇದ್ದೇ ಇದೆ, ಆದರೆ ಇದು ಬಿಟ್ಟರೆ ಸಾವೊಂದೇ ಎಂದಾದರೆ ಇದೇ ವಾಸಿ ಎಂಬ ಅರ್ಥದಲ್ಲಿ ಅವರು ಮಾತಾಡಿದ್ದರು. ಟಿವಿಗಳು ಇದನ್ನು ಗೆಲುವು ಎಂದು ತೋರಿಸಿದವು. ನನಗೆ ಅದರಲ್ಲಿ ಕೇಳಿಸುವುದು ಆ ಷರತ್ತು. ಇದು ಬಿಟ್ಟರೆ ಸಾವೊಂದೇ ಎಂದಾದರೆ.

ಮಾರ್ಚ್ 23ರಂದು ಒಂದೊಂದಾಗಿ ಅಂಗಗಳು ಕೈಕೊಟ್ಟವು. ಮೂತ್ರಪಿಂಡ, ಶ್ವಾಸಕೋಶ, ಕರುಳು. ಕೃತಕ ಹೃದಯ ಮಾತ್ರ ಬಡಿಯುತ್ತಲೇ ಇತ್ತು. ಅದು ಅಷ್ಟರಲ್ಲಿ ಸುಮಾರು 1.3 ಕೋಟಿ ಸಲ ಬಡಿದಿತ್ತು. ಯಂತ್ರವನ್ನು ನಿಲ್ಲಿಸಿದ್ದು ವೈದ್ಯರು. ಆ ಕೀಲಿಯನ್ನು ಕ್ಲಾರ್ಕ್ ಯಾವತ್ತೂ ತಿರುಗಿಸಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ, ಅವರು ಸತ್ತು ಎಂಟು ತಿಂಗಳಾಗುವಷ್ಟರಲ್ಲಿ, ಸೈಕ್ಲೋಸ್ಪೋರಿನ್ ಎಂಬ ಔಷಧಕ್ಕೆ ಎಫ್‌ಡಿಎ ಅನುಮತಿ ಸಿಕ್ಕಿತು. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸುವುದನ್ನು ಅದು ಎಷ್ಟೋ ಚೆನ್ನಾಗಿ ತಡೆಯುತ್ತಿತ್ತು. ಹೃದಯ ಕಸಿ ಪ್ರಯೋಗದಿಂದ ಚಿಕಿತ್ಸೆಯಾಗಿ ಬದಲಾಯಿತು. ಐವತ್ತರ ಗೆರೆ ನಿಧಾನವಾಗಿ ಮೇಲೆ ಸರಿಯಿತು. ಇವತ್ತು 61 ವರ್ಷದವರಿಗೆ ಕಸಿ ಮಾಡುವುದು ಸುದ್ದಿಯೇ ಅಲ್ಲ.

ಲಾಭ ಯಾರದು

1984ರಲ್ಲಿ ಡಿವ್ರೀಸ್ ವಿಶ್ವವಿದ್ಯಾಲಯ ಬಿಟ್ಟು ಲೂಯಿವಿಲ್‌ನಲ್ಲಿ ಹ್ಯುಮಾನಾ ಎಂಬ ಲಾಭದ ಆಸ್ಪತ್ರೆ ಕಂಪನಿ ಸೇರಿದರು. ನೂರು ಕೃತಕ ಹೃದಯಗಳವರೆಗೆ ಖರ್ಚು ತಾವೇ ಕೊಡುವುದಾಗಿ ಕಂಪನಿ ಘೋಷಿಸಿತ್ತು. ವಿಶ್ವವಿದ್ಯಾಲಯದ ಸಮಿತಿಗಳು ಪ್ರತಿ ಹೆಜ್ಜೆಗೂ ಪ್ರಶ್ನೆ ಕೇಳುತ್ತಿದ್ದವು. ಇಲ್ಲಿ ಹಣವೂ ಇತ್ತು, ವೇಗವೂ ಇತ್ತು, ಕಂಪನಿಗೆ ಪ್ರಚಾರವೂ ಸಿಕ್ಕಿತು. ಅಲ್ಲಿ ವಿಲಿಯಂ ಶ್ರೋಡರ್ 620 ದಿನ ಬದುಕಿದರು, ಆದರೆ ಮೇಲಿಂದ ಮೇಲೆ ಪಾರ್ಶ್ವವಾಯು ಹೊಡೆದು. 1990ರಲ್ಲಿ ಎಫ್‌ಡಿಎ ಜಾರ್ವಿಕ್-7ರ ಅನುಮತಿ ವಾಪಸ್ ಪಡೆಯಿತು. ಅದೇ ಯಂತ್ರದ ಸುಧಾರಿತ ರೂಪಕ್ಕೆ 2004ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ಈ ಸಲ ಅದು ದಾನಿಯ ಹೃದಯ ಸಿಗುವವರೆಗಿನ ಸೇತುವೆ. ಅಂದ್ರೆ ಕಾರ್ಪ್ ಕಾಲದಲ್ಲಿ ಇದ್ದ ಅದೇ ಕೆಲಸ.

ಕ್ಲಾರ್ಕ್ ಕ್ಲಿನಿಕ್ ನಡೆಸುತ್ತಿದ್ದ ಕಾಲದಲ್ಲೇ, ಪಕ್ಕದ ಸಿಯಾಟಲ್‌ನಲ್ಲಿ ಇನ್ನೊಂದು ಕತೆ ನಡೆದಿತ್ತು. ಅರವತ್ತರ ದಶಕದ ಶುರುವಿನಲ್ಲಿ ಡಯಾಲಿಸಿಸ್ ಯಂತ್ರಗಳು ಕೆಲವೇ ಇದ್ದವು. ಯಾರಿಗೆ ಕೊಡಬೇಕು, ಯಾರನ್ನು ಸಾಯಲು ಬಿಡಬೇಕು ಅಂತ ತೀರ್ಮಾನಿಸಲು ಊರಿನ ನಾಗರಿಕರದ್ದೇ ಒಂದು ಸಮಿತಿ ಇತ್ತು. ಆದಾಯ, ಮದುವೆ, ಚರ್ಚಿಗೆ ಹೋಗುವ ಅಭ್ಯಾಸ, ಎಲ್ಲವೂ ಲೆಕ್ಕಕ್ಕೆ ಬರುತ್ತಿತ್ತು. ಇದು ಪತ್ರಿಕೆಯಲ್ಲಿ ಬಂದಾಗ ಜನ ಬೆಚ್ಚಿಬಿದ್ದರು. 1972ರಲ್ಲಿ ಅಮೆರಿಕದ ಸಂಸತ್ತು ಡಯಾಲಿಸಿಸ್ ವೆಚ್ಚವನ್ನು ಸರ್ಕಾರವೇ ಭರಿಸುವ ಕಾನೂನು ಮಾಡಿತು. ಆಯ್ಕೆಗಳು ಹೆಚ್ಚಾಗಿದ್ದು ಯಾರೋ ಒಬ್ಬ ರೋಗಿಯ ಧೈರ್ಯದಿಂದಲ್ಲ, ರಾಜಕೀಯ ತೀರ್ಮಾನದಿಂದ.

ನಮ್ಮಲ್ಲೂ ಸಹಿಯ ಕತೆ ಹೀಗೇ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ, ಎಷ್ಟೋ ಆದಿವಾಸಿ ಹೆಣ್ಣುಮಕ್ಕಳ ಪರವಾಗಿ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಆ ಮಕ್ಕಳಿಗೆ ಕ್ಲಾರ್ಕ್ ಅವರಿಗಿದ್ದ ಒಂದು ದಿನದ ಯೋಚನೆಯೂ ಇರಲಿಲ್ಲ, ಕೀಲಿಯೂ ಇರಲಿಲ್ಲ.

ಕ್ಲಾರ್ಕ್ ಓದಿದವರು, ವೈದ್ಯಕೀಯದ ಭಾಷೆ ಬಲ್ಲವರು, ಪಕ್ಕದಲ್ಲಿ ಕುಟುಂಬವಿತ್ತು. ಅಂಥವರಿಗೇ ಆಯ್ಕೆ ಅಷ್ಟು ಕಿರಿದಾಗಿತ್ತು. ಆ ಕಿರಿದಾದ ಜಾಗದಲ್ಲೂ ಅವರು ಕರುಗಳನ್ನು ಹೋಗಿ ನೋಡಿದರು, ಮನೆಗೆ ಮರಳಿ ಯೋಚಿಸಿದರು, ಎರಡು ಸಲ ಹೂಂ ಅಂದರು. ಅವರಿಂದ ಕಲಿಯಬೇಕಾದ್ದು ಇದು ಅಂತ ನನಗನ್ನಿಸುತ್ತೆ. ಆಸ್ಪತ್ರೆಯಲ್ಲಿ ಮುಂದಿನ ಸಲ ಯಾರಾದರೂ ನಿಮ್ಮ ಕೈಗೆ ಪೆನ್ನು ಕೊಟ್ಟಾಗ ಮೂರು ಪ್ರಶ್ನೆ ಕೇಳಿ. ಇದು ಬಿಟ್ಟು ಬೇರೆ ದಾರಿ ಏನಿದೆ? ಅದು ನಮಗೆ ಯಾಕೆ ಸಿಗ್ತಿಲ್ಲ? ಈ ಫಾರಂ ಕನ್ನಡದಲ್ಲಿ ಇದೆಯಾ? ಎರಡನೇ ಪ್ರಶ್ನೆಗೆ ಡಾಕ್ಟರ ಬಳಿ ಉತ್ತರ ಇರಲಿಕ್ಕಿಲ್ಲ. ಅದನ್ನು ಓಟು ಕೇಳಲು ಬಂದವರ ಮುಂದೆಯೂ ಇಡಿ.