ಹೊಲದ ಹೆಣ್ಣುಮಕ್ಕಳಿಗಾಗಿ ಹುದ್ದೆ ತೊರೆದ ಲೇಡಿ ಡೆನ್ಮನ್

1945ರ ಫೆಬ್ರವರಿ. ಎರಡನೇ ಮಹಾಯುದ್ಧ ಕೊನೆಯ ಹಂತ ತಲುಪಿತ್ತು. ಬ್ರಿಟನ್ನಿನ ಮಹಿಳಾ ಭೂಸೇನೆಯ ಗೌರವ ನಿರ್ದೇಶಕಿ ಲೇಡಿ ಡೆನ್ಮನ್ ಅದೇ ತಿಂಗಳು ರಾಜೀನಾಮೆ ನೀಡಿದರು. ಯುದ್ಧಾನಂತರದ ಗೌರವಧನದ ಪಟ್ಟಿಯಲ್ಲಿ ತಮ್ಮ ಹೆಣ್ಣುಮಕ್ಕಳಿಗೆ ಸ್ಥಾನವಿಲ್ಲ ಎಂಬುದೇ ಅವರ ಸಿಟ್ಟಿಗೆ ಕಾರಣ.

ಗರ್ಟ್ರೂಡ್ ಡೆನ್ಮನ್ ಹುಟ್ಟಿದ್ದು 1884ರಲ್ಲಿ, ಸಿರಿವಂತ ಗುತ್ತಿಗೆದಾರ ವೀಟ್‌ಮನ್ ಪಿಯರ್ಸನ್ ಅವರ ಮಗಳಾಗಿ. ಪತಿ ಆಸ್ಟ್ರೇಲಿಯಾದ ಗವರ್ನರ್ ಜನರಲ್ ಆಗಿದ್ದಾಗ, 1913ರ ಮಾರ್ಚ್ 12ರಂದು ಅಲ್ಲಿನ ಹೊಸ ರಾಜಧಾನಿಗೆ ಕ್ಯಾನ್‌ಬೆರಾ ಎಂಬ ಹೆಸರನ್ನು ಘೋಷಿಸಿದವರು ಇವರೇ. ಆದರೆ ಅರಮನೆಯ ಸಮಾರಂಭಗಳಿಗಿಂತ ಹಳ್ಳಿಯ ಹೆಂಗಸರ ಸಂಘಟನೆಯೇ ಅವರಿಗೆ ಪ್ರಿಯವಾಯಿತು. 1917ರಿಂದ 1946ರವರೆಗೆ ಗ್ರಾಮೀಣ ಮಹಿಳಾ ಸಂಸ್ಥೆಗಳ ರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷೆಯಾಗಿದ್ದರು.

1939ರ ಜೂನ್‌ನಲ್ಲಿ, ಯುದ್ಧ ಘೋಷಣೆಗೂ ಮೊದಲೇ, ಭೂಸೇನೆಯನ್ನು ಮತ್ತೆ ಕಟ್ಟಲಾಯಿತು. ಸಸೆಕ್ಸ್‌ನ ಬಾಲ್ಕೂಂಬ್ ಪ್ಲೇಸ್ ಎಂಬ ಡೆನ್ಮನ್ ಅವರ ಸ್ವಂತ ಬಂಗಲೆಯೇ ಅದರ ಕೇಂದ್ರ ಕಚೇರಿ. ಆಹಾರಧಾನ್ಯ ಹೊತ್ತ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಬೇಸಾಯದ ಗಂಡಾಳುಗಳು ಸೇನೆ ಸೇರಿದ್ದರು. ಕ್ಷೌರದಂಗಡಿ, ಕಾರ್ಖಾನೆ, ಕಚೇರಿಗಳಿಂದ ಬಂದ ತರುಣಿಯರು ಹಾಲು ಕರೆದರು, ಟ್ರ್ಯಾಕ್ಟರ್ ಓಡಿಸಿದರು, ಕಾಲುವೆ ತೋಡಿದರು, ಇಲಿ ಹಿಡಿದರು. ನಗರದ ಹುಡುಗಿಯರಿಂದ ಏನಾದೀತು ಎಂದು ಮೂಗು ಮುರಿದ ರೈತರು ಕಡಿಮೆಯೇನಿರಲಿಲ್ಲ. ಆರಂಭದಲ್ಲಿ ಅವರ ವಾರದ ಕೂಲಿ 28 ಶಿಲಿಂಗ್. ಅದರಲ್ಲಿ 14 ಊಟ, ವಸತಿಗೆ ಕಡಿತ. ಗಂಡಾಳಿಗೆ ಸಿಗುತ್ತಿದ್ದುದು ಸುಮಾರು 38. ಹೀಗಿದ್ದೂ ಸದಸ್ಯೆಯರ ಸಂಖ್ಯೆ 80 ಸಾವಿರ ದಾಟಿತು.

ಯುದ್ಧ ಮುಗಿಯುತ್ತ ಬಂದಾಗ ಸೈನ್ಯದ ಮಹಿಳಾ ವಿಭಾಗಗಳಿಗೆ ಸಿಕ್ಕ ಸವಲತ್ತು ಇವರಿಗೆ ಸಿಗಲಿಲ್ಲ. ಇವರು ಖಾಸಗಿ ರೈತರ ಕೂಲಿಗಳು ಎಂಬುದು ಸರ್ಕಾರದ ವಾದ. ಸಮವಸ್ತ್ರ ತೊಡಿಸಿ, ಬೇಕೆಂದಲ್ಲಿಗೆ ಕಳುಹಿಸುವಾಗ ಈ ವ್ಯತ್ಯಾಸ ಯಾರಿಗೂ ನೆನಪಾಗಿರಲಿಲ್ಲವೆಂಬುದು ಬೇರೆ ಮಾತು! ಡೆನ್ಮನ್ ರಾಜೀನಾಮೆಯ ಸುದ್ದಿ ಗದ್ದಲವೆಬ್ಬಿಸಿತು. ಗೌರವಧನ ಮಾತ್ರ ಬರಲಿಲ್ಲ. ಕಲ್ಯಾಣ ನಿಧಿಗೆ ಒಂದಿಷ್ಟು ಹಣ ಬಂತು. ಸೇವೆ ಬಿಡುವವರು ಬೂಟು ಮತ್ತು ಮೇಲಂಗಿ ಇಟ್ಟುಕೊಳ್ಳಬಹುದು, ಆದರೆ ಅಂಗಿಗೆ ನೀಲಿ ಬಣ್ಣ ಹಾಕಿಸಬೇಕು ಎಂಬ ಅಪ್ಪಣೆಯೂ ಹೊರಟಿತು.

1948ರಲ್ಲಿ ಅವರ ಹೆಸರಿನ ಮಹಿಳಾ ಕಾಲೇಜು ಆರಂಭವಾಯಿತು. 1950ರಲ್ಲಿ ಭೂಸೇನೆ ವಿಸರ್ಜನೆಗೊಂಡಿತು. 1954ರ ಜೂನ್ 2ರಂದು ಡೆನ್ಮನ್ ನಿಧನರಾದರು. ಬದುಕುಳಿದಿದ್ದ ಭೂಸೇನೆಯ ಮಹಿಳೆಯರಿಗೆ ಬ್ರಿಟಿಷ್ ಸರ್ಕಾರ ಗೌರವ ಬಿಲ್ಲೆ ನೀಡಿದ್ದು 2008ರಲ್ಲಿ. ಅಷ್ಟರಲ್ಲಿ ಅವರಲ್ಲಿ ಬಹುತೇಕರು ಎಂಬತ್ತು ದಾಟಿದ್ದರು.