ಅರಮನೆ ಅಂಗಳದ ಪುಟ್ಟ ರೈಲು, ಹಳ್ಳಿಗಳಿಗೂ ಹರಿದ ಹಳಿ: ಗ್ವಾಲಿಯರ್‌ನ ರೈಲು ಪ್ರೇಮಿ ಮಹಾರಾಜರ ಕಥೆ

ಮನೆಯಂಗಳದಲ್ಲಿ ಪುಟ್ಟ ಹಳಿ ಹಾಕಿ ರೈಲು ಓಡಿಸುವುದು ಹಲವರ ಹವ್ಯಾಸ. ದೆಹಲಿಯಿಂದ ಸುಮಾರು 320 ಕಿ.ಮೀ. ದೂರದ ಗ್ವಾಲಿಯರ್‌ನಲ್ಲಿ ಇಂಥದ್ದೇ ಹವ್ಯಾಸ ಇಡೀ ಸಂಸ್ಥಾನಕ್ಕೆ ರೈಲು ತಂದುಕೊಟ್ಟಿತು.

1876ರಲ್ಲಿ ಜನಿಸಿದ ಮಾಧೋ ರಾವ್ ಸಿಂಧಿಯಾ ಬಾಲ್ಯದಲ್ಲೇ, 1886ರಲ್ಲಿ ಪಟ್ಟಕ್ಕೇರಿದರು. ಅವರಿಗೆ ರೈಲೆಂದರೆ ಪ್ರಾಣ. ಅರಮನೆ ಆವರಣದಲ್ಲೇ 2 ಅಡಿ ಅಗಲದ ಹಳಿ ಹಾಕಿಸಿ ರೈಲು ಓಡಿಸಿದರು. ಜೈ ವಿಲಾಸ್ ಅರಮನೆಯ ಊಟದ ಮೇಜಿನ ಮೇಲೆ ಅತಿಥಿಗಳಿಗೆ ಪಾನೀಯ, ಸಿಗಾರ್ ಹೊತ್ತು ತರುತ್ತಿದ್ದ ಅವರ ಬೆಳ್ಳಿ ರೈಲು ಇಂದಿಗೂ ಪ್ರವಾಸಿಗರ ಆಕರ್ಷಣೆ.

ಆದರೆ ಮಹಾರಾಜರು ಆಟಕ್ಕಷ್ಟೇ ನಿಲ್ಲಲಿಲ್ಲ. ಅದೇ 2 ಅಡಿ ಅಗಲದ ಹಳಿ 19ನೇ ಶತಮಾನದ ಕೊನೆಗೆ ಭಿಂಡ್, ಶಿವಪುರಿ ತಲುಪಿತು. 1909ರಲ್ಲಿ, ಇಂದು ಕುನೋ ಚೀತಾಗಳಿಂದ ಹೆಸರಾಗಿರುವ ಶಿಯೋಪುರಕ್ಕೂ ಹೋಯಿತು. ದೊಡ್ಡ ಮಾರ್ಗ ಕಾಣದ ಹಳ್ಳಿಗಳಿಗೆ ಈ ಪುಟ್ಟ ರೈಲೇ ಪೇಟೆಯ ದಾರಿಯಾಯಿತು.

ಮಹಾರಾಜರು 1925ರಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು. ಅವರದೇ ಹೆಸರಿನ ಮೊಮ್ಮಗ ಮಾಧವರಾವ್ ಸಿಂಧಿಯಾ ಮುಂದೆ ದೆಹಲಿಯಲ್ಲಿ ರೈಲ್ವೆ ಸಚಿವರಾದರು. 1988ರಲ್ಲಿ ದೇಶದ ಮೊದಲ ಶತಾಬ್ದಿ ಎಕ್ಸ್‌ಪ್ರೆಸ್ ನವದೆಹಲಿಯಿಂದ ಗ್ವಾಲಿಯರ್ ಮಾರ್ಗವಾಗಿ ಝಾನ್ಸಿಗೆ ಹೊರಟಿದ್ದು ಅವರ ಅವಧಿಯಲ್ಲೇ.

ಅಜ್ಜನ ಪುಟ್ಟ ರೈಲು ಶಿಯೋಪುರಕ್ಕೆ ಶತಮಾನಕ್ಕೂ ಹೆಚ್ಚು ಕಾಲ ಓಡಿ, 2020ರಲ್ಲಿ ನಿಂತಿತು. ಆ ಮಾರ್ಗವನ್ನು ಈಗ ಬ್ರಾಡ್‌ಗೇಜ್‌ಗೆ ಬದಲಿಸಲಾಗುತ್ತಿದೆ.